ತೊಳೆದ ಮೇಲೆಯೇ ವೇಪ್ ಟ್ಯಾಂಕ್ ಸೋರುವುದೇಕೆ?

ಪ್ರಶ್ನೆ: ಸರ್, ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ, ಊರು ದಾವಣಗೆರೆ. ವರ್ಷಗಟ್ಟಲೆ ಸೇದಿದ ಸಿಗರೇಟು ಬಿಡಲು ವೇಪ್ (ಇ-ಸಿಗರೇಟು) ಹಿಡಿದೆ. 2025ರ ಜೂನ್ 1ರಿಂದ ಇಲ್ಲಿ ಬಳಸಿ ಬಿಸಾಡುವ ವೇಪ್ ನಿಷೇಧವಾದ ಮೇಲೆ, ಲಿಕ್ವಿಡ್ ತುಂಬಿಸಿಕೊಳ್ಳುವ ಗಾಜಿನ ಟ್ಯಾಂಕ್ ಕೊಂಡೆ. 2 ಮಿ.ಲೀ. ಟ್ಯಾಂಕ್, ಲಿಕ್ವಿಡ್ ಕಾಯಿಸಿ ಆವಿ ಮಾಡುವ 1.6 ಓಮ್ ಕಾಯಿಲ್, 50/50 ಲಿಕ್ವಿಡ್ (ತೆಳು, ಮಂದ ದ್ರವ ಅರ್ಧರ್ಧ), ಮಿ.ಲೀ.ಗೆ 10 ಮಿ.ಗ್ರಾಂ. ನಿಕೋಟಿನ್. ಮೂರು ವಾರ ಒಂದು ಹನಿ ಸೋರಲಿಲ್ಲ. ಕಳೆದ ಭಾನುವಾರ ಎಲ್ಲ ಬಿಚ್ಚಿ, ಪಾತ್ರೆ ಸೋಪು ಹಾಕಿ ಬಿಸಿನೀರಿನಲ್ಲಿ ತೊಳೆದೆ. ಕಾಯಿಲನ್ನೂ ತೊಳೆದು ಹೇರ್ ಡ್ರೈಯರ್ ಹಿಡಿದೆ. ಮತ್ತೆ ಜೋಡಿಸಿ, ತುಂಬಿಸಿ ಎಳೆದರೆ ಗುಳುಗುಳು ಸದ್ದು, ಬಾಯಿಗೇ ಲಿಕ್ವಿಡ್ ಬಂತು. ಬೆಳಗ್ಗೆ ನೋಡಿದರೆ ಅರ್ಧ ಟ್ಯಾಂಕ್ ಮೇಜಿನ ಮೇಲೆ. ಡಬ್ಬಿಯಲ್ಲಿದ್ದ ಇನ್ನೊಂದು ಹೊಸ ಕಾಯಿಲ್ (0.7 ಓಮ್) ಹಾಕಿದೆ, ಅದೂ ಸೋರಿತು. ಗಾಳಿಕಿಂಡಿಯಿಂದ ಹನಿ ಬೀಳುತ್ತಿತ್ತು, ಲಿಕ್ವಿಡ್ ಮಟ್ಟ ಕಣ್ಣೆದುರೇ ಇಳಿಯುತ್ತಿತ್ತು, ಆದರೆ ಒಳಗೆ ಒಂದು ಗುಳ್ಳೆಯೂ ಏಳಲಿಲ್ಲ. ಒಬ್ಬ ಗೆಳೆಯ ಇಕ್ಕಳದಲ್ಲಿ ಬಿಗಿ ಮಾಡು ಅನ್ನುತ್ತಾನೆ, ಇನ್ನೊಬ್ಬ ರಬ್ಬರ್ ರಿಂಗಿಗೆ ಕೊಬ್ಬರಿ ಎಣ್ಣೆ ಹಚ್ಚು ಅನ್ನುತ್ತಾನೆ, ಅಂಗಡಿಯವರು ಹೊಸದೇ ತಗೊಳ್ಳಿ ಅನ್ನುತ್ತಾರೆ. ಬಾಯಿಗೆ ಬಂದದ್ದರಿಂದ ಅಪಾಯವಿದೆಯೇ? ಡಿಸೆಂಬರಿನಲ್ಲಿ ಊರಿಗೆ ಹೊರಟಿದ್ದೇನೆ, ವಿಮಾನದಲ್ಲಿ ಇನ್ನೂ ಜಾಸ್ತಿ ಸೋರುತ್ತದಂತೆ, ನಿಜವೇ?

ಉತ್ತರ: ಮೊದಲು ಬಾಯಿಗೆ ಬಂದ ಲಿಕ್ವಿಡ್ ವಿಚಾರ. ಒಂದೆರಡು ಹನಿ ನಾಲಿಗೆಗೆ ತಾಗಿದರೆ ಉರಿ, ಖಾರ, ಸ್ವಲ್ಪ ಹೊಟ್ಟೆ ತೊಳಸು ಆಗಬಹುದು. ನುಂಗದೆ ಉಗುಳಿ, ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಸಾಕು. ಮೇಜಿನ ಮೇಲೆ ಚೆಲ್ಲಿದ್ದನ್ನು ಮಾತ್ರ ಹಗುರವಾಗಿ ನೋಡಬೇಡಿ. ನಿಮ್ಮ ಟ್ಯಾಂಕ್ ತುಂಬಿದ್ದಾಗ ಅದರಲ್ಲಿ 20 ಮಿ.ಗ್ರಾಂ. ನಿಕೋಟಿನ್ ಇರುತ್ತದೆ, ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಟಿಶ್ಯೂನಿಂದ ಒರೆಸಿ ಕೈಯನ್ನು ಸೋಪು ಹಾಕಿ ತೊಳೆಯಿರಿ, ಆ ಟಿಶ್ಯೂ ಮಕ್ಕಳ ಅಥವಾ ಬೆಕ್ಕು ನಾಯಿಯ ಬಾಯಿಗೆ ಸಿಗದ ಹಾಗೆ ಎಸೆಯಿರಿ. ಮಗುವೇನಾದರೂ ನುಂಗಿದ್ದರೆ ವಾಂತಿ ಮಾಡಿಸುತ್ತಾ ಕೂರುವುದು ಬೇಡ, ತಕ್ಷಣ ಅಲ್ಲಿನ ವೈದ್ಯಕೀಯ ಸಹಾಯವಾಣಿ 111ಕ್ಕೆ ಕರೆ ಮಾಡಿ. ತೂಕಡಿಕೆ, ಸೆಳೆತ, ಉಸಿರಾಟದ ತೊಂದರೆ ಕಂಡರೆ ನೇರವಾಗಿ ತುರ್ತು ಸಂಖ್ಯೆ 999.

ಇನ್ನು ಟ್ಯಾಂಕ್. ಮಟ್ಟ ಇಳಿಯಿತು, ಗುಳ್ಳೆ ಏಳಲಿಲ್ಲ ಎಂದು ಬರೆದಿದ್ದೀರಿ. ಅರ್ಧ ಪತ್ತೆ ಕೆಲಸ ಆ ಒಂದು ಸಾಲಿನಲ್ಲೇ ಮುಗಿದಿದೆ. ಹನಿ ಕೆಳಗೆ ಬೀಳುತ್ತದೆ, ಹಾಗಾಗಿ ಎಲ್ಲರೂ ಕೆಳಗೇ ತೂತು ಹುಡುಕುತ್ತಾರೆ. ನಿಮ್ಮ ಟ್ಯಾಂಕಿನ ತಪ್ಪು ಬಹುತೇಕ ಮೇಲಿದೆ.

ಮನೆಯಲ್ಲಿ 20 ಲೀಟರ್ ನೀರಿನ ಕ್ಯಾನನ್ನು ತಲೆಕೆಳಗಾಗಿ ಮಡಿಕೆಯ ಮೇಲೋ ಡಿಸ್ಪೆನ್ಸರ್ ಮೇಲೋ ಇಡುವುದನ್ನು ನೆನೆಸಿಕೊಳ್ಳಿ. ಬಾಯಿ ಕೆಳಗಿದ್ದರೂ ನೀರು ಸುರಿದುಹೋಗುವುದಿಲ್ಲ. ನಲ್ಲಿ ತಿರುಗಿಸಿದಾಗ ಮಾತ್ರ 'ಗುಳುಕ್' ಎಂದು ಒಂದು ಗುಳ್ಳೆ ಮೇಲೆ ಹೋಗುತ್ತದೆ, ಅಷ್ಟೇ ನೀರು ಕೆಳಗಿಳಿಯುತ್ತದೆ. ಅದೇ ಕ್ಯಾನಿನ ತಳದಲ್ಲಿ, ಅಂದರೆ ಈಗ ಮೇಲಿರುವ ಭಾಗದಲ್ಲಿ, ಕೂದಲೆಳೆಯಷ್ಟು ಸೀಳು ಬಿದ್ದಿದ್ದರೆ? ಗುಳ್ಳೆ ಏಳುವುದಿಲ್ಲ, ಸದ್ದಿಲ್ಲದೆ ನೀರು ಇಳಿದು ಮಡಿಕೆ ತುಂಬಿ ಅಡುಗೆಮನೆಯೆಲ್ಲ ಒದ್ದೆ. ವೇಪ್ ಟ್ಯಾಂಕ್ ಕೆಲಸ ಮಾಡುವುದೂ ಹೀಗೆಯೇ. ಲಿಕ್ವಿಡ್ ಮೇಲಿರುವ ಚೂರು ಗಾಳಿಯ ಒತ್ತಡ ಹೊರಗಿನ ಗಾಳಿಗಿಂತ ಸ್ವಲ್ಪ ಕಮ್ಮಿ ಇರುತ್ತದೆ, ಆ ಎಳೆತವೇ ಲಿಕ್ವಿಡನ್ನು ಹಿಡಿದು ನಿಲ್ಲಿಸುತ್ತದೆ. ಕಾಯಿಲಿನ ಪಕ್ಕದ ಕಿಂಡಿಗಳಲ್ಲಿರುವ ಹತ್ತಿ ದೀಪದ ಬತ್ತಿಯ ಹಾಗೆ ಬೇಕಾದಷ್ಟನ್ನು ಮಾತ್ರ ಹೀರಿಕೊಳ್ಳುತ್ತದೆ. ನೀವು ಎಳೆದಾಗ ಕಾಯಿಲ್ ಪಕ್ಕದಿಂದ ಒಂದೆರಡು ಗುಳ್ಳೆ ಏಳುತ್ತದಲ್ಲ, ಅದು ಆರೋಗ್ಯದ ಲಕ್ಷಣ.

ಇದರಿಂದ ಒಂದು ಸುಲಭ ಪರೀಕ್ಷೆ ಸಿಗುತ್ತದೆ. ತುಂಬಿಸಿದ ಟ್ಯಾಂಕನ್ನು ಬಿಳಿ ಟಿಶ್ಯೂ ಮೇಲೆ ನೆಟ್ಟಗೆ ನಿಲ್ಲಿಸಿ, ಗಾಳಿಕಿಂಡಿ ತೆರೆದಿಟ್ಟು, ಅರ್ಧ ಗಂಟೆ ಮುಟ್ಟದೆ ನೋಡಿ. ಯಾರೂ ಎಳೆಯದಿದ್ದರೂ ಕಾಯಿಲ್ ಪಕ್ಕದಿಂದ ಗುಳ್ಳೆ ಏಳುತ್ತಾ ಮಟ್ಟ ಇಳಿದರೆ ಗಾಳಿ ಕಾಯಿಲ್ ದಾರಿಯಿಂದ ಒಳಗೆ ಬರುತ್ತಿದೆ: ಹತ್ತಿ ಸಡಿಲವಾಗಿದೆ, ಇಲ್ಲವೇ ಕಾಯಿಲ್ ಸರಿಯಾಗಿ ಕೂತಿಲ್ಲ. ಗುಳ್ಳೆಯಿಲ್ಲದೆ ಮಟ್ಟ ಇಳಿದರೆ ಗಾಳಿ ಲಿಕ್ವಿಡ್‌ಗಿಂತ ಮೇಲಿನಿಂದ ಬರುತ್ತಿದೆ: ಮೇಲ್ಮುಚ್ಚಳದ ರಿಂಗ್, ಗಾಜಿನ ಮೇಲಂಚಿನ ರಬ್ಬರ್, ಅಥವಾ ಗಾಜೇ ಮೇಲಂಚಿನಲ್ಲಿ ಚಕ್ಕೆ ಎದ್ದಿದೆ. ಗಾಜು ಮತ್ತು ಬೇಸ್ ಸೇರುವ ಜಾಗದಲ್ಲಿ ಸುತ್ತಲೂ ಒದ್ದೆಯಾದರೆ ಕೆಳಗಿನ ರಬ್ಬರ್. ಟಿಶ್ಯೂ ಮೇಲೆ ನಡುವೆ ಮಾತ್ರ ಒಂದು ಚುಕ್ಕೆ ಮೂಡಿದರೆ, ಬ್ಯಾಟರಿಗೆ ತಿರುಗಿಸುವ 510 ಥ್ರೆಡ್ಡಿನ ಮಧ್ಯದ ಪಿನ್ ಹತ್ತಿರದ ರಬ್ಬರ್. ಬಾಯಿಡುವ ತುದಿಯಲ್ಲಿ ಮತ್ತು ಬೇಸಿನ ಅಂಚಿನಲ್ಲಿ ತೆಳ್ಳಗೆ ಅಂಟಂಟು ಪಸೆ ಇದ್ದರೆ ಮಾತ್ರ ಸೋರಿಕೆ ಅಂದುಕೊಳ್ಳಬೇಡಿ. ಅದು ಆವಿ ತಣ್ಣಗಾಗಿ ಕೂತದ್ದು, ಒರೆಸಿದರೆ ಮುಗಿಯಿತು.

ಈ ಪರೀಕ್ಷೆಯನ್ನು ನೀರು ತುಂಬಿಸಿ ಮಾಡುವವರಿದ್ದಾರೆ. ಬೇಡ. ಲಿಕ್ವಿಡ್‌ಗಿಂತ ನೀರು ಬಹಳ ತೆಳು, ಚೆನ್ನಾಗಿರುವ ಟ್ಯಾಂಕಿನಲ್ಲೂ ಹತ್ತಿ ದಾಟಿ ಇಳಿಯುತ್ತದೆ. ಒಂದು ಕಾಯಿಲೂ ಹಾಳು, ತೀರ್ಮಾನವೂ ತಪ್ಪು.

ಹಾಗಿದ್ದರೆ ಮೂರು ವಾರ ಸುಮ್ಮನಿದ್ದದ್ದು ತೊಳೆದ ಮೇಲೆಯೇ ಏಕೆ ಕೆಟ್ಟಿತು? ನಿಮ್ಮಲ್ಲಿ ಎರಡು ಬೇರೆಬೇರೆ ತಪ್ಪುಗಳು ಒಟ್ಟಿಗೆ ಸೇರಿಕೊಂಡಿವೆ.

ಮೊದಲನೆಯದು, ಕಾಯಿಲ್ ತೊಳೆದದ್ದು. ತೊಳೆದರೆ ಕಾಯಿಲಿಗೆ ಮತ್ತೆ ಜೀವ ಬರುತ್ತದೆ ಎಂಬ ನಂಬಿಕೆ ವೇಪ್ ಬಳಸುವವರಲ್ಲಿ ಗಟ್ಟಿಯಾಗಿ ಕೂತಿದೆ. ಕಾಯಿಲ್ ಸಾಯುವುದು ಕೊಳೆಯಿಂದಲ್ಲ. ಲಿಕ್ವಿಡ್‌ನಲ್ಲಿರುವ ಸಿಹಿ ಪದಾರ್ಥ ತಂತಿಯ ಮೇಲೆ ಸುಟ್ಟು ಕರಿಯಾಗಿ ಕೂರುತ್ತದೆ, ಪಕ್ಕದ ಹತ್ತಿಯೂ ಕರಕಲಾಗುತ್ತದೆ. ನೀರಿಗೆ ಅದು ಬಿಡುವುದಿಲ್ಲ. ನಲ್ಲಿಯ ಧಾರೆಗೆ ಹಿಡಿದಾಗ ಆಗುವುದೇನೆಂದರೆ, ಕಿಂಡಿಗೆ ಒತ್ತಿಕೊಂಡಿದ್ದ ಹತ್ತಿಯ ಎಳೆಗಳು ಮುದುಡಿ ಒಂದು ಪಕ್ಕಕ್ಕೆ ಸರಿಯುತ್ತವೆ. ಹಳೇ ಕಾಯಿಲನ್ನು ಬೆಳಕಿಗೆ ಹಿಡಿದು ಕಿಂಡಿಯನ್ನು ನೋಡಿ: ಹೊಸದರಲ್ಲಿ ಹತ್ತಿ ದಿಂಬಿನ ಹಾಗೆ ಕಿಂಡಿಯಿಂದ ಚೂರು ಉಬ್ಬಿರುತ್ತದೆ, ತೊಳೆದದ್ದರಲ್ಲಿ ಅಂಚಿಗೂ ಹತ್ತಿಗೂ ನಡುವೆ ಕಪ್ಪು ಗೀರಿನಂಥ ಸಂದು ಕಾಣುತ್ತದೆ. ಲಿಕ್ವಿಡ್ ಒಳಗೆ ನುಗ್ಗಲು ಅಷ್ಟು ಸಾಕು. ಡ್ರೈಯರ್ ಹಿಡಿದರೆ ಹೊರಗಿನ ಹತ್ತಿ ಒಣಗುತ್ತದೆ, ಲೋಹದ ಕವಚದೊಳಗಿನದು ಒದ್ದೆಯಾಗಿಯೇ ಉಳಿಯುತ್ತದೆ. ಆ ನೀರು ಲಿಕ್ವಿಡ್‌ಗೆ ಸೇರಿ ಅದನ್ನು ಇನ್ನಷ್ಟು ತೆಳು ಮಾಡುತ್ತದೆ, ಕಾಯಿಲ್ ಬಿಸಿಯಾದಾಗ ಕುದಿದು ಬಾಯಿಗೆ ಸಿಡಿಯುತ್ತದೆ. ನಿಮ್ಮ ಗುಳುಗುಳು ಸದ್ದು, ಬಾಯಿಗೆ ಬಂದ ಲಿಕ್ವಿಡ್ ಎರಡೂ ಇದರಿಂದ. ಹತ್ತಿಯಿರುವ ಕಾಯಿಲನ್ನು ತೊಳೆಯಬೇಡಿ. ಒಂದೆರಡು ವಾರಕ್ಕೆ, ಅಥವಾ ಸುಟ್ಟ ರುಚಿ ಬಂದ ದಿನ, ಬದಲಿಸಿ.

ಎರಡನೆಯದು ರಬ್ಬರ್ ರಿಂಗ್. ಮಿಕ್ಸಿ ಜಾರ್ ತೊಳೆದ ಮರುದಿನ ಚಟ್ನಿ ರುಬ್ಬುವಾಗ ಬುಡದಿಂದ ನೀರು ಜಿನುಗಿದರೆ ಅಮ್ಮ ಮೊದಲು ಹುಡುಕುವುದು ವಾಷರ್ ಅನ್ನೇ ಅಲ್ಲವೆ? ಇಲ್ಲೂ ಅದೇ. ಗಾಜಿನ ಕೊಳವೆಗೆ ಮೇಲೊಂದು ಕೆಳಗೊಂದು ರಬ್ಬರ್, ಮೇಲ್ಮುಚ್ಚಳಕ್ಕೆ ಒಂದು, ಬಾಯಿಡುವ ತುದಿಗೆ ಒಂದೆರಡು, ಬೇಸಿಗೆ ಒಂದು, ಕಾಯಿಲಿನ ಮೈಮೇಲೆ ಸಾಮಾನ್ಯವಾಗಿ ಎರಡು. ಬಿಸಿನೀರಿನಲ್ಲಿ ಸಿಲಿಕೋನ್ ರಬ್ಬರ್ ಸ್ವಲ್ಪ ಹಿಗ್ಗುತ್ತದೆ, ಸೋಪಿಗೆ ಜಾರುತ್ತದೆ. ಗಾಜನ್ನು ತೋಡಿನೊಳಗೆ ಒತ್ತುವಾಗ ರಬ್ಬರ್ ಒಂದು ಕಡೆ ಮಡಿಚಿಕೊಂಡರೂ ಕೈಗೆ ಗೊತ್ತಾಗುವುದಿಲ್ಲ. ಬಹಳಷ್ಟು ಟ್ಯಾಂಕುಗಳಲ್ಲಿ ಗಾಜಿನ ರಬ್ಬರ್ ಬಳೆಯಂತೆ ದುಂಡಗಿರುವುದಿಲ್ಲ. ಕತ್ತರಿಸಿ ನೋಡಿದರೆ ಕುರ್ಚಿಯ ಆಕಾರ: ಒಂದು ತೋಳು ಗಾಜಿನ ಅಂಚಿನ ಕೆಳಗೆ, ಇನ್ನೊಂದು ಒಳಗೋಡೆಗೆ ಆತುಕೊಂಡಿರಬೇಕು. ಅದನ್ನು ಬೋರಲು ಹಾಕಿದರೂ ಮುಚ್ಚಳ ತಿರುಗುತ್ತದೆ, ನೋಡಲು ಎಲ್ಲ ಸರಿಯಾಗಿಯೇ ಕಾಣುತ್ತದೆ, ಗಾಳಿ ಮಾತ್ರ ನುಸುಳುತ್ತಿರುತ್ತದೆ. ಪಾರದರ್ಶಕ ಬಣ್ಣದ್ದಾದರೆ ಸಿಂಕಿನ ಜಾಲರಿ ದಾಟಿ ಹೋದದ್ದೂ ತಿಳಿಯುವುದಿಲ್ಲ. ಹೊಸ ಕಾಯಿಲ್ ಹಾಕಿದಾಗ ಗುಳ್ಳೆಯಿಲ್ಲದೆ ಮಟ್ಟ ಇಳಿಯಿತಲ್ಲ, ನನ್ನ ಅನುಮಾನ ಗಾಜಿನ ಮೇಲಂಚಿನ ಈ ರಬ್ಬರ್ ಮೇಲೆಯೇ. ಟ್ಯಾಂಕಿನ ಡಬ್ಬಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚೀಲ ಇರುತ್ತದೆ, ಅದರಲ್ಲಿ ಬದಲಿ ರಿಂಗುಗಳು, ಕೆಲವೊಮ್ಮೆ ಬದಲಿ ಗಾಜು. ಜನ ಅದನ್ನು ಡಬ್ಬಿಯ ಜೊತೆಗೇ ಎಸೆದುಬಿಡುತ್ತಾರೆ.

0.7 ಓಮ್ ಕಾಯಿಲ್ ಈ ತೊಂದರೆಗೆ ಇನ್ನಷ್ಟು ಕೈಜೋಡಿಸಿತು. ಲಿಕ್ವಿಡ್‌ನಲ್ಲಿ ಎರಡು ಮುಖ್ಯ ದ್ರವ: ಪಿಜಿ, ಅಂದರೆ ಪ್ರೊಪಿಲೀನ್ ಗ್ಲೈಕಾಲ್, ತೆಳು. ವಿಜಿ, ಅಂದರೆ ಗ್ಲಿಸರಿನ್, ಮಂದ. ಕೋಣೆಯ ಉಷ್ಣತೆಯಲ್ಲಿ ಪಿಜಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಮಂದ. ಸಾಮಾನ್ಯವಾಗಿ ಓಮ್ ಕಮ್ಮಿಯಾದಷ್ಟೂ ಕಾಯಿಲಿನ ಕಿಂಡಿ ದೊಡ್ಡದು, ಅದು ಮಂದ ಲಿಕ್ವಿಡ್‌ಗಾಗಿ ಮಾಡಿದ್ದು. 1 ಓಮ್‌ಗಿಂತ ಮೇಲಿನದಕ್ಕೆ 50/50 ಸರಿ. ಅದಕ್ಕಿಂತ ಕಮ್ಮಿಯಾದಂತೆ 60, 70 ಪಾಲು ವಿಜಿ ಇರುವ ಲಿಕ್ವಿಡ್ ಬೇಕು. ನಿಮ್ಮ 50/50 ಲಿಕ್ವಿಡ್ 0.7ರ ಕಿಂಡಿಯಲ್ಲಿ ಸಲೀಸಾಗಿ ಜಾರಿಹೋಗುತ್ತದೆ, ಮೇಲಿನಿಂದ ಗಾಳಿಯೂ ಬರುತ್ತಿದ್ದರೆ ಕೇಳುವುದೇ ಬೇಡ. ಹೊಸ ಕಾಯಿಲ್ ಹಾಕಿದರೂ ಸೋರಿತು, ಹಾಗಾಗಿ ಟ್ಯಾಂಕೇ ಕೆಟ್ಟಿದೆ ಎಂಬ ಲೆಕ್ಕ ಇಲ್ಲಿ ತಪ್ಪುತ್ತದೆ. ನೀವು ಒಂದೇ ಸಲ ಎರಡು ವಿಷಯ ಬದಲಿಸಿದಿರಿ. 1.6 ಓಮ್‌ನ ಹೊಸದೊಂದನ್ನು ತಂದೇ ಪರೀಕ್ಷೆ ಮಾಡಿ.

ಇಕ್ಕಳ, ಎಣ್ಣೆ, ಹೊಸ ಟ್ಯಾಂಕ್

ಇಕ್ಕಳ ಬೇಡವೇ ಬೇಡ. ರಿಂಗ್ ಗಾಳಿಯನ್ನು ತಡೆಯುವುದು ತನ್ನ ತೋಡಿನಲ್ಲಿ ಸ್ವಲ್ಪ ಮಾತ್ರ ಅದುಮಿಕೊಂಡು. ಮಿತಿ ಮೀರಿ ಬಿಗಿದರೆ ತೋಡಿನಿಂದ ಹೊರಕ್ಕೆ ಹಿಚುಕಿಕೊಂಡು ಬರುತ್ತದೆ, ಮುಂದಿನ ಸಲ ಬಿಚ್ಚುವಾಗ ಹರಿಯುತ್ತದೆ. ತಿರುಚಿದ ಭರಕ್ಕೆ ಗಾಜು ಸೀಳುವುದೂ ಉಂಟು. ಬೆರಳಿನಲ್ಲಿ ತಿರುಗಿಸಿ, ತಡೆದು ನಿಂತ ಮೇಲೆ ಚೂರೇ ಚೂರು ಒತ್ತಿದರೆ ಸಾಕು. ಥ್ರೆಡ್ ಕೂರಿಸುವಾಗ ಮೊದಲು ಅರ್ಧ ಸುತ್ತು ಹಿಂದಕ್ಕೆ, ಅಪ್ರದಕ್ಷಿಣವಾಗಿ ತಿರುಗಿಸಿ. 'ಟಕ್' ಎಂದು ಒಂದು ಸಣ್ಣ ಇಳಿತ ಕೈಗೆ ತಿಳಿಯುತ್ತದೆ, ಎರಡೂ ಥ್ರೆಡ್ಡಿನ ಬಾಯಿ ಸೇರಿದ ಗುರುತು ಅದು. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಅಡ್ಡ ಥ್ರೆಡ್ ಆಗುವುದಿಲ್ಲ.

ಕೊಬ್ಬರಿ ಎಣ್ಣೆಯ ಸಲಹೆ ಕೊಟ್ಟವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಇದೊಂದನ್ನು ಖಂಡಿತ ಮಾಡಬೇಡಿ. ತಲೆಗೆ, ಅಡುಗೆಗೆ, ಕೀಲೆಣ್ಣೆಗೆ ಎಲ್ಲಕ್ಕೂ ಆಗುತ್ತದೆಂದು ಶ್ವಾಸಕೋಶಕ್ಕೂ ಆಗುವುದಿಲ್ಲ. ಎಣ್ಣೆಯ ಆವಿಯೋ ತುಂತುರೋ ಒಳಗೆ ಹೋದರೆ ಅಲ್ಲಿ ಕರಗುವುದಿಲ್ಲ, ಲಿಪಾಯ್ಡ್ ನ್ಯುಮೋನಿಯಾ ಎಂಬ ಉರಿಯೂತಕ್ಕೆ ದಾರಿಯಾಗಬಹುದು. ವ್ಯಾಸಲೀನಿಗೂ ಇದೇ ಆಕ್ಷೇಪ, ಜೊತೆಗೆ ಪೆಟ್ರೋಲಿಯಂ ಪದಾರ್ಥಕ್ಕೆ ಕೆಲವು ರಬ್ಬರ್ ಉಬ್ಬಿಕೊಳ್ಳುತ್ತದೆ. ರಿಂಗ್ ಜಾರಲು ಏನಾದರೂ ಬೇಕೆಂದರೆ ನಿಮ್ಮ ಕೈಯಲ್ಲೇ ಇದೆಯಲ್ಲ: ಅದೇ ಲಿಕ್ವಿಡ್‌ನ ಒಂದು ಹನಿಯನ್ನು ಬೆರಳತುದಿಯಲ್ಲಿ ತೆಗೆದುಕೊಂಡು ಸವರಿ. ಒಣ ರಿಂಗ್ ಮಡಿಚಿಕೊಳ್ಳುತ್ತದೆ, ಹಸಿಯಾದದ್ದು ಜಾರಿ ತನ್ನ ಜಾಗಕ್ಕೆ ಕೂರುತ್ತದೆ.

ಹೊಸ ಟ್ಯಾಂಕಿನ ಮಾತು ಪೂರ್ತಿ ತಪ್ಪಲ್ಲ, ಅವಸರದ್ದು ಅಷ್ಟೆ. ಗಾಜಿನ ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ಗಾಜೊಂದನ್ನೇ ಬದಲಿಸಬಹುದು. ಬೇಸಿನ ಥ್ರೆಡ್ ಸವೆದಿದ್ದರೆ, ಪ್ಲಾಸ್ಟಿಕ್ ಮೈಯಲ್ಲಿ ಬಲೆಯಂತೆ ಸಣ್ಣ ಸೀಳುಗಳು ಮೂಡಿದ್ದರೆ, ನಡುಪಿನ್ನಿನ ರಬ್ಬರ್ ಕಿತ್ತಿದ್ದರೆ ಆಗ ಹೊಸದು. ಪ್ಲಾಸ್ಟಿಕ್ ಸೀಳು ಹೆಚ್ಚಾಗಿ ಬರುವುದು ಎರಡು ಕಾರಣಕ್ಕೆ: ಸ್ಪಿರಿಟ್ ಅಥವಾ ಐಸೊಪ್ರೊಪಿಲ್ ಆಲ್ಕೋಹಾಲಿನಲ್ಲಿ ನೆನೆಸಿದ್ದು, ದಾಲ್ಚಿನ್ನಿ ನಿಂಬೆ ಕಿತ್ತಳೆಯಂಥ ಖಾರ ಹುಳಿ ಸುವಾಸನೆಯ ಲಿಕ್ವಿಡ್ ತುಂಬಿದ್ದು. ಗಾಜಿಗೆ ಇವೆರಡರ ಭಯವಿಲ್ಲ.

ತೊಳೆಯುವ, ಜೋಡಿಸುವ ಕ್ರಮ

ವಾರ ವಾರ ತೊಳೆಯುವ ಅಗತ್ಯವಿಲ್ಲ. ಕಾಯಿಲ್ ಬದಲಿಸುವಾಗ, ಅಥವಾ ಲಿಕ್ವಿಡ್ ರುಚಿ ಬದಲಿಸುವಾಗ ತೊಳೆದರೆ ಆಯಿತು. ಟ್ಯಾಂಕನ್ನು ಮೊದಲು ಬ್ಯಾಟರಿಯಿಂದ ಬಿಚ್ಚಿ. ಉಳಿದ ಲಿಕ್ವಿಡ್ ಖಾಲಿ ಮಾಡಿ, ಕಾಯಿಲ್ ತೆಗೆದು ಬದಿಗಿಡಿ. ಸಿಂಕಿನ ಮೇಲೆ ನೇರವಾಗಿ ತೊಳೆಯದೆ ಒಂದು ಬಟ್ಟಲಿನಲ್ಲಿ ತೊಳೆಯಿರಿ, ರಿಂಗ್ ಕಳೆಯುವುದು ಅಲ್ಲಿಗೇ ಅರ್ಧ ನಿಂತುಹೋಗುತ್ತದೆ. ಬಿಚ್ಚುವ ಮುನ್ನ ಮೊಬೈಲಿನಲ್ಲಿ ಪಕ್ಕದಿಂದ ಒಂದು ಫೋಟೋ ತೆಗೆದಿಟ್ಟುಕೊಂಡರೆ ಯಾವ ರಿಂಗ್ ಎಲ್ಲಿತ್ತು, ಕುರ್ಚಿಯಾಕಾರದ ರಬ್ಬರಿನ ಮುಖ ಯಾವ ಕಡೆಗಿತ್ತು ಎಂಬ ಜಗಳವೇ ಇರುವುದಿಲ್ಲ. ನೀರು ಮಗುವಿಗೆ ಸ್ನಾನ ಮಾಡಿಸುವಷ್ಟು ಬೆಚ್ಚಗಿದ್ದರೆ ಸಾಕು, ಸೋಪು ಒಂದು ಹನಿ. ಸೋಪಿನ ಜಿಡ್ಡು, ವಾಸನೆ ಪೂರ್ತಿ ಹೋಗುವವರೆಗೆ ಎರಡು ಮೂರು ನೀರಿನಲ್ಲಿ ಜಾಲಿಸಿ.

ಒಣಗಿಸುವುದರಲ್ಲಿ ಎಲ್ಲರೂ ಅವಸರ ಮಾಡುತ್ತಾರೆ. ಹೊರಗೆ ಒರೆಸಿದರೂ ನೀರು ಮೂರು ಕಡೆ ಅಡಗಿರುತ್ತದೆ: ಗಾಳಿಕಿಂಡಿಯ ತಿರುಗುವ ಉಂಗುರದ ಹಿಂದೆ, ಥ್ರೆಡ್ಡಿನ ಸಂದಿಯಲ್ಲಿ, ರಿಂಗ್ ಕೂರುವ ತೋಡಿನಲ್ಲಿ. ಭಾಗಗಳನ್ನು ಜೋರಾಗಿ ಕೊಡವಿ, ಗಾಳಿಕಿಂಡಿಗೆ ಊದಿ, ಟಿಶ್ಯೂ ಮೇಲೆ ಹರಡಿ ರಾತ್ರಿಯಿಡೀ ಬಿಡಿ. ಇಂಗ್ಲೆಂಡಿನ ಚಳಿಗಾಲದಲ್ಲಿ ಹೀಟರಿನಿಂದ ಸ್ವಲ್ಪ ದೂರದಲ್ಲಿಡಬಹುದು, ಅದರ ಮೇಲೆಯೇ ಬೇಡ.

ಜೋಡಿಸುವ ಮುನ್ನ ಪ್ರತಿ ರಿಂಗನ್ನೂ ಬೆರಳಿಗೆ ಸುತ್ತಿ ಒಂದು ಸುತ್ತು ನೋಡಿ. ಚಪ್ಪಟೆಯಾಗಿದ್ದರೆ, ಗೀರಿದ್ದರೆ, ಎಳೆದು ಬಿಟ್ಟಾಗ ಹಳೆಯ ಅಳತೆಗೆ ಬಾರದಿದ್ದರೆ ಬದಲಿಸಿ. ಸರಿಯಿದ್ದದ್ದಕ್ಕೆ ಲಿಕ್ವಿಡ್ ಸವರಿ ಕೂರಿಸಿ, ಗಾಜನ್ನು ನೆಟ್ಟಗೆ ಒತ್ತಿ, ಸ್ವಲ್ಪ ಅತ್ತಿತ್ತ ತಿರುಗಿಸಿ. ಆಮೇಲೆ ಗಾಜನ್ನು ಬೆಳಕಿಗೆ ಹಿಡಿದು ರಬ್ಬರ್ ಸುತ್ತಲೂ ಒಂದೇ ಅಗಲದ ಪಟ್ಟಿಯಾಗಿ ಕಾಣುತ್ತದೆಯೇ ನೋಡಿ. ಒಂದು ಕಡೆ ಸಣ್ಣಗಾಗಿ ಇನ್ನೊಂದು ಕಡೆ ದಪ್ಪಗಾದರೆ ಅದು ಮಡಿಚಿಕೊಂಡಿದೆ, ಬಿಚ್ಚಿ ಮತ್ತೆ ಹಾಕಿ.

ಹೊಸ ಕಾಯಿಲಿನ ಪಕ್ಕದ ಪ್ರತಿ ಕಿಂಡಿಗೂ ಒಂದೊಂದು ಹನಿ ಲಿಕ್ವಿಡ್ ಬಿಡಿ, ಮೇಲಿನ ನಡುತೂತಿಗೆ ಒಂದೆರಡು, ಅದಕ್ಕಿಂತ ಹೆಚ್ಚು ಬೇಡ. ಇಲ್ಲೇ ಹತ್ತು ಹನಿ ಸುರಿದು ಆಮೇಲೆ ಗುಳುಗುಳು ಎನ್ನುವವರು ಬಹಳ. ಕಾಯಿಲನ್ನು ಬೇಸಿಗೆ ಪೂರ್ತಿ ಕೂರಿಸಿ. ಒತ್ತಿ ಕೂರಿಸುವ ಜಾತಿಯದಾದರೆ ಚಪ್ಪಟೆ ಬದಿಗಳು ಹೊಂದಿರಲಿ. ಬೇಸನ್ನು ಮೈಗೆ ತಿರುಗಿಸಿದಾಗ ಕಾಯಿಲಿನ ಮೇಲ್ತುದಿ ಚಿಮಣಿಯೊಳಗೆ, ಅಂದರೆ ಆವಿ ಬಾಯಿಗೆ ಹೋಗುವ ನಡುಕೊಳವೆಯೊಳಗೆ, ಬಿಗಿಯಾಗಿ ಕೂರಬೇಕು. ಅರ್ಧ ಸುತ್ತು ಕಮ್ಮಿಯಾದರೂ ಲಿಕ್ವಿಡ್ ಹತ್ತಿಯ ಗೊಡವೆಗೇ ಹೋಗದೆ ನೇರ ಉಸಿರಿನ ದಾರಿಗೆ ಇಳಿಯುತ್ತದೆ.

ತುಂಬಿಸುವಾಗ ಗಾಳಿಕಿಂಡಿ ಮುಚ್ಚಿರಲಿ. ಮೇಲ್ಮುಚ್ಚಳ ತೆರೆದಿರುವಷ್ಟು ಹೊತ್ತೂ ಆ ಎಳೆತ ಇರುವುದಿಲ್ಲ, ಹತ್ತಿಯೊಂದೇ ತಡೆ. ಹಾಗಾಗಿ ತೆರೆದಿಟ್ಟು ಫೋನ್ ನೋಡುತ್ತಾ ಕೂರಬೇಡಿ, ಅರ್ಧ ನಿಮಿಷದಲ್ಲಿ ಮುಗಿಸಿ. ಬಾಟಲಿಯ ಮೂತಿಯನ್ನು ಗಾಜಿನ ಗೋಡೆಯ ಕಡೆ ಹಿಡಿಯಿರಿ, ನಡುವಿನ ಚಿಮಣಿಗೆ ಒಂದು ಹನಿಯೂ ಬೀಳದಿರಲಿ. ಮೇಲೆ 2-3 ಮಿ.ಮೀ. ಗಾಳಿ ಬಿಡಿ. ಅಂಚಿನವರೆಗೆ ತುಂಬಿದರೆ ಮುಚ್ಚಳ ಇಳಿಯುವಾಗ ಲಿಕ್ವಿಡನ್ನೇ ಕಾಯಿಲಿನೊಳಗೆ ನೂಕುತ್ತದೆ. ಮುಚ್ಚಿದ ಮೇಲೆ ಟ್ಯಾಂಕನ್ನು ತಲೆಕೆಳಗು ಮಾಡಿ, ಹಾಗೆ ಹಿಡಿದೇ ಗಾಳಿಕಿಂಡಿ ತೆರೆದು, ಆಮೇಲೆ ನೆಟ್ಟಗೆ ಮಾಡಿ. ತಮಾಷೆಯಂತೆ ಕಾಣುವ ಈ ಪಲ್ಟಿಗೆ ಕಾರಣವಿದೆ: ಮುಚ್ಚಳ ತಿರುಗಿಸುವಾಗ ಒಳಗಿನ ಗಾಳಿ ಚೂರು ಒತ್ತಿಕೊಂಡಿರುತ್ತದೆ. ತಲೆಕೆಳಗಿದ್ದಾಗ ಕಾಯಿಲಿನ ಕಿಂಡಿಗೆ ತಾಗುವುದು ಗಾಳಿ, ಹಾಗಾಗಿ ಆ ಒತ್ತಡ ಗಾಳಿಯಾಗಿಯೇ ಹೊರಹೋಗುತ್ತದೆ. ನೆಟ್ಟಗಿದ್ದಾಗ ತೆರೆದರೆ ಅದೇ ಒತ್ತಡ ಲಿಕ್ವಿಡನ್ನು ನೂಕುತ್ತದೆ. ಬ್ರಿಟನ್ನಿನ 2016ರ ನಿಯಮದಿಂದಾಗಿ ಟ್ಯಾಂಕ್ 2 ಮಿ.ಲೀ.ಗಿಂತ ದೊಡ್ಡದಿರುವಂತಿಲ್ಲ. ದಿನಕ್ಕೆ ಎರಡು ಮೂರು ಸಲ ಮುಚ್ಚಳ ತೆರೆಯಲೇಬೇಕು, ಅಭ್ಯಾಸ ಬೇಗ ಆಗುತ್ತದೆ.

ತುಂಬಿಸಿ ಹತ್ತು ನಿಮಿಷ ಬಿಡಿ. ಗಾಳಿಕಿಂಡಿ ಮುಚ್ಚಿ ನಾಲ್ಕೈದು ಸಲ ಒಣದಾಗಿ, ಅಂದರೆ ಬಟನ್ ಒತ್ತದೆ, ಎಳೆದರೆ ಹತ್ತಿ ಬೇಗ ನೆನೆಯುತ್ತದೆ ಎಂಬ ಸಲಹೆ ಮಂದ ಲಿಕ್ವಿಡ್, ದೊಡ್ಡ ಕಾಯಿಲಿಗೆ ಸರಿ. ನಿಮ್ಮ 50/50 ಲಿಕ್ವಿಡ್‌ಗೆ ಹಾಗೆ ಮಾಡಿದರೆ ಕಾಯಿಲ್ ಮುಳುಗುತ್ತದೆ. ಬಳಸುವಾಗಲೂ ಮೆಲ್ಲಗೆ, ಉದ್ದಕ್ಕೆ ಎಳೆಯಿರಿ. ಸ್ಟ್ರಾದಲ್ಲಿ ಮಿಲ್ಕ್‌ಶೇಕ್ ಎಳೆದ ಹಾಗೆ ಜಗ್ಗಬೇಡಿ. ಕಾಯಿಲಿನ ಮೇಲೆ ಬರೆದಿರುವ ವ್ಯಾಟ್ ಮಿತಿಯ ನಡುಭಾಗದಲ್ಲಿಡಿ. ತೀರಾ ಕಮ್ಮಿ ಇಟ್ಟರೆ ಬಂದಷ್ಟು ಲಿಕ್ವಿಡ್ ಆವಿಯಾಗದೆ ಕಾಯಿಲ್ ಬುಡದಲ್ಲೇ ನಿಲ್ಲುತ್ತದೆ.

ಈಗಾಗಲೇ ಮುಳುಗಿದ್ದರೆ

ಗುಳುಗುಳು ಶುರುವಾದಾಗ ಜೋರಾಗಿ ಎಳೆದು ಸರಿಮಾಡಲು ಹೋಗಬೇಡಿ, ಎಳೆದಷ್ಟೂ ಇನ್ನಷ್ಟು ಒಳಗೆ ಬರುತ್ತದೆ. ಟ್ಯಾಂಕನ್ನು ಬ್ಯಾಟರಿಯಿಂದ ಬಿಚ್ಚಿ, ಗಾಳಿಕಿಂಡಿ ಪೂರ್ತಿ ತೆರೆದು, ಸುತ್ತ ಟಿಶ್ಯೂ ಹಿಡಿದು, ಬಾಯಿಡುವ ತುದಿಯಿಂದ ಊದಿ. ನಿಂತಿದ್ದ ಲಿಕ್ವಿಡ್ ಟಿಶ್ಯೂಗೆ ಬರುತ್ತದೆ. ಇನ್ನೊಂದು ಟಿಶ್ಯೂವನ್ನು ಬತ್ತಿಯಂತೆ ಹೊಸೆದು ಚಿಮಣಿಯೊಳಗೆ ಇಳಿಸಿ ತೆಗೆಯಿರಿ. ಮತ್ತೆ ಜೋಡಿಸಿ, ಬಾಯಿಗಿಡದೆ ಎರಡು ಮೂರು ಸೆಕೆಂಡು ಬಟನ್ ಒತ್ತಿದರೆ ಚಟಪಟ ಎಂದು ಉಳಿದದ್ದು ಆವಿಯಾಗುತ್ತದೆ. ಆಗ ಮುಖ ಮೇಲಿಡಬೇಡಿ, ಬಿಸಿ ಹನಿ ಸಿಡಿಯುತ್ತದೆ.

ಬ್ಯಾಟರಿ ಭಾಗದ 510 ಬಾಯಿಯನ್ನು ಇಯರ್ ಬಡ್‌ನಿಂದ ಒರೆಸುವುದನ್ನು ಮರೆಯಬೇಡಿ. ಒಂದು ರಾತ್ರಿ ಅರ್ಧ ಟ್ಯಾಂಕ್ ಸೋರಿದೆ ಎಂದರೆ ಅಲ್ಲಿಗೂ ಇಳಿದಿರುತ್ತದೆ. ಒಣಗುವ ತನಕ ಚಾರ್ಜಿಗೆ ಹಾಕಬೇಡಿ, ಸೆಲ್ ತೆಗೆಯಲು ಬರುವಂತಿದ್ದರೆ ತೆಗೆದಿಡಿ. ಬಟನ್ ಒತ್ತದೆಯೇ ತಾನಾಗಿ ಬಿಸಿಯಾಗುವುದು ಕಂಡರೆ ಆ ಬ್ಯಾಟರಿ ಮತ್ತೆ ಬಳಕೆಗೆ ಬೇಡ, ಮನೆ ಕಸದ ಬುಟ್ಟಿಗೂ ಬೇಡ. ವೇಪ್ ಮಾರುವ ಅಂಗಡಿಯವರು ಹಳೆಯದನ್ನು ವಾಪಸ್ ತೆಗೆದುಕೊಳ್ಳಬೇಕು.

ವಿಮಾನದಲ್ಲಿ ಸೋರುವುದು ನಿಜ, ಅದಕ್ಕೆ ಕಾರಣವೂ ಅದೇ ಗಾಳಿ. ಹಾರುವಾಗ ಕ್ಯಾಬಿನ್ನಿನ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟಕ್ಕೆ ಇಳಿಯುತ್ತದೆ. ಟ್ಯಾಂಕಿನೊಳಗಿನ ಗಾಳಿ ಆಗ ಮೂರನೇ ಒಂದು ಪಾಲಿನವರೆಗೂ ಹಿಗ್ಗಬಹುದು. ಟ್ಯಾಂಕ್ ಅರ್ಧ ಖಾಲಿಯಿದ್ದರೆ, ಅಂದರೆ ಒಳಗೆ 1 ಮಿ.ಲೀ. ಗಾಳಿಯಿದ್ದರೆ, ಅದು ಹೊರಗೆ ನೂಕುವ ಲಿಕ್ವಿಡ್ ಸುಮಾರು 0.3 ಮಿ.ಲೀ., ಐದಾರು ಹನಿ. ಪ್ಯಾಂಟಿನ ಜೇಬಿನ ಶಾಖಕ್ಕೂ ಹೀಗೆಯೇ ಒಂದು ಹನಿ ಬರುತ್ತದೆ. ಬೇರೆ ದೇಶಕ್ಕೆ ಹೋಗುವಾಗ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಬ್ಯಾಟರಿಯನ್ನು ಕೈಚೀಲದಲ್ಲೇ ಇಡಬೇಕು.

ಆದರೆ ನೀವು ಹೊರಟಿರುವುದು ಊರಿಗೆ. ಭಾರತದಲ್ಲಿ 2019ರ ಕಾಯ್ದೆಯ ಪ್ರಕಾರ ಇ-ಸಿಗರೇಟಿನ ಆಮದು, ಸಾಗಣೆ, ಮಾರಾಟ, ದಾಸ್ತಾನು ಎಲ್ಲಕ್ಕೂ ನಿಷೇಧವಿದೆ. ಆಮದಿನಂಥ ತಪ್ಪಿಗೆ ಮೊದಲ ಸಲವೇ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸ್ವಂತಕ್ಕೆ ಒಂದೇ ಒಂದು ತಂದಿದ್ದೇನೆ ಎಂದು ಬೆಂಗಳೂರಿನ ಕಸ್ಟಮ್ಸ್‌ನಲ್ಲಿ ವಾದ ಮಾಡುವ ಪ್ರಯೋಗಕ್ಕೆ ಇಳಿಯಬೇಡಿ. ಆ ಕೆಲವು ವಾರ ಮತ್ತೆ ಸಿಗರೇಟಿಗೆ ಕೈ ಹೋಗದಿರಲು ನಿಕೋಟಿನ್ ಗಮ್ ಅಥವಾ ಪ್ಯಾಚ್ ಬಗ್ಗೆ ನಿಮ್ಮ ಫಾರ್ಮಸಿಸ್ಟ್ ಹತ್ತಿರ ಹೊರಡುವ ಮುಂಚೆಯೇ ಕೇಳಿ. ದಿನಕ್ಕೆ ಎಷ್ಟು ಲಿಕ್ವಿಡ್ ಬಳಸುತ್ತೀರಿ ಎಂದು ಹೇಳಿದರೆ ಅವರು ಪ್ರಮಾಣ ಹೊಂದಿಸಿ ಕೊಡುತ್ತಾರೆ. ಟ್ಯಾಂಕನ್ನು ತೊಳೆದು, ಒಣಗಿಸಿ, ಕಾಯಿಲ್ ಹಾಕದೆ, ರಿಂಗುಗಳ ಮೇಲೆ ಬಿಗಿತ ಇರದಂತೆ ಸಡಿಲವಾಗಿ ಜೋಡಿಸಿ ಡ್ರಾಯರಿನಲ್ಲಿಟ್ಟು ಹೋಗಿ. ಬಂದ ಮೇಲೆ ಹೊಸ ಕಾಯಿಲ್ ಹಾಕಿಕೊಳ್ಳಬಹುದು.